ಬೋಂಡಾ ಸಿಗದ ಫೋಂಡಾ

ಗುರುದೇವಿಯ ಅಜ್ಜಿ ಗದುಗಿನ ಹತ್ತಿ ಗಿರಣಿಯ ಹಮಾಲರಿಗೆ ಹಸಿವೆಂಬ ಮಾತೇ ಮರೆಯುವಂತೆ ರೊಟ್ಟಿ ಬಡಿದವಳು. ತಾಯಿ ಕರ್ಫ್ಯೂ ಇದ್ದಾಗಲೂ ಖಾನಾವಳಿಯ ಹಿಂಬಾಗಿಲು ಮುಚ್ಚದವಳು. ಆ ಒಲೆಯ ಮಗಳು ಗುರುದೇವಿ ಅಮೆರಿಕದ ಅರೋರಾದಲ್ಲಿ ಖಾನಾವಳಿ ಇಟ್ಟಾಗ, ಪಕ್ಕದಂಗಡಿಯ ಮೆಕ್ಸಿಕೋದ ಕ್ಷೌರಿಕ ತಮ್ಮಲ್ಲಿ ಇಂಥದಕ್ಕೆ ಫೋಂಡಾ ಅನ್ನುತ್ತಾರೆ ಎಂದನೆಂದು ಬೋರ್ಡಿಗೆ ಅದನ್ನೇ ಬರೆಸಿದಳು. ಅಂದಿನಿಂದ ಬೆಂಗಳೂರಿನವರು ಬಂದು "ಆಂಟಿ, ಎರಡು ಪ್ಲೇಟ್ ಬೋಂಡಾ" ಎನ್ನುವುದೂ, ಇವಳು "ಕಣ್ಣಿಗೆ ಎಣ್ಣಿ ಬಿಟ್ಕೊಂಡು ಓದ್ರಿ, ಬ ಅಲ್ಲ, ಫ!" ಎಂದು ಗದರಿ, ಕೇಳದೆಯೇ ಎಣ್ಣೆಗಾಯಿ ಬಡಿಸುವುದೂ ತಪ್ಪಿಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ಕಾರಿನವರೆಗೂ ಬೈದುಕೊಂಡು ಹೋಗುತ್ತಾಳೆ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಸೋತಾಗ, ಇನ್ನು ಫೋಂಡಾ ಮುಚ್ಚಿತೆಂದೇ ಎಲ್ಲರೂ ಅಂದುಕೊಂಡರು. ಅವಳು ಎಡಗೈಯಲ್ಲಿ ಬಡಿಯತೊಡಗಿದಳು. ರೊಟ್ಟಿ ಒಮ್ಮೆ ಮಿಶಿಗನ್ ಸರೋವರದಂತೆ, ಒಮ್ಮೆ ಹರಿದ ಚಪ್ಪಲಿಯಂತೆ ಬಂತು. ಈ ವಾರ ಅಂಚು ದುಂಡಗೆ ತಿರುಗುತ್ತಿದೆ. ಫಾರ್ಮಿಂಗ್ಟನ್ ಹಿಲ್ಸ್‌ನಿಂದ ನಾಲ್ಕೈದು ತಾಸು ಕಾರು ಓಡಿಸಿಕೊಂಡು ಊಟಕ್ಕೆಂದೇ ಬಂದ ಡಾಕ್ಟರ್ ಬದರೀನಾಥ, "ಆಂಟಿ, ರೊಟ್ಟಿ ಮಷಿನ್ ತಂದಿದೀನಿ, ಕಾರಲ್ಲಿದೆ" ಎಂದರೆ, ಹಿಟ್ಟು ಮೆತ್ತಿದ ಕೈಯನ್ನೇ ಅಡ್ಡ ಹಿಡಿದಳು: "ಹಂಗ ಒಯ್ರಿ ಅದನ್ನ. ನನ್ನ ಎಡಗೈ ಈಗರೆ ಸಾಲಿ ಕಲಿಯಾಕ ಹೊಂಟೈತಿ, ಬಿಡಿಸಬ್ಯಾಡ್ರಿ."