ಶಾಂತಕ್ಕ ಹೇಳದೆ ಉಳಿಸಿದ ಮಾತು

ಶಾಂತಕ್ಕನ ಮಾತು ಕೇಳಬೇಕೆಂದರೆ ಅವಳ ಬಾಯಿಯ ಹತ್ತಿರ ಕಿವಿ ಒಯ್ಯಬೇಕಿತ್ತು. ಜೀವಮಾನವಿಡೀ ರೋಗಿಗಳ ಕೋಣೆಗಳಲ್ಲಿ ದುಡಿದ ನರ್ಸ್ ಅವಳು. ತರಕಾರಿಯವನ ಜೊತೆ ಚೌಕಾಸಿ ಮಾಡುವಾಗಲೂ ದನಿ ಏರುತ್ತಿರಲಿಲ್ಲ. ಕಲಬುರಗಿ ಕಡೆಯವಳು, ಮದುವೆಯಾಗಿರಲಿಲ್ಲ. ಈ ಮರಾಠಿ ಊರಿನ ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ನಮ್ಮ ಪಕ್ಕದ ಕೋಣೆ ಅವಳದು. ನನ್ನ ಅತ್ತೆಯ ಕೊನೆಗಾಲದಲ್ಲಿ ಮೈ ಒರೆಸಿ, ಮಗ್ಗಲು ಬದಲಿಸಿ ನೋಡಿಕೊಂಡವಳು ಅವಳೇ. ಯಾರದಾದರೂ ಕಾಯಿಲೆಯ ಸುದ್ದಿ ಕೆದಕಿದರೆ, "ಪೇಶಂಟ್ ಮಾತು ಪೇಶಂಟ್ ಹಂತ್ಯಾಕ ಇರ್ಲಿ ವೈನಿ" ಎಂದು ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದಳು. ಅತ್ತಿಗೆಯಂತೆ ನನ್ನನ್ನು ವೈನಿ ಎಂದೇ ಕರೆಯುತ್ತಿದ್ದಳು.

ಊರಿನ ದೊಡ್ಡ ನಾಯಕರೊಬ್ಬರು ಪ್ರಾಣ ಬಿಟ್ಟಾಗ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದವಳೂ ಇದೇ ಶಾಂತಕ್ಕ. ಅವರ ಹೆಸರು ಬರೆಯುವ ಧೈರ್ಯ ನನಗಿಲ್ಲ. ದೇವರಿಲ್ಲ ಎಂದು ಭಾಷಣ ಮಾಡಿದವರು; ಮುಪ್ಪಿನಲ್ಲಿ ಗುಡಿಯ ಮೆಟ್ಟಿಲು ಹತ್ತಿದ್ದನ್ನೂ ಜನ ಕಂಡಿದ್ದರು. ಸತ್ತು ಎಷ್ಟೋ ವರ್ಷಗಳ ಮೇಲೆ ಅವರ ಪ್ರತಿಮೆ ನಿಲ್ಲಿಸುವ ಮಾತು ಬಂದಾಗ ಜಗಳ ಹೊತ್ತಿಕೊಂಡಿತು. ಅವರು ಭಕ್ತರೋ, ನಾಸ್ತಿಕರೋ? ಎಲ್ಲಿಂದಲೋ ಶಾಂತಕ್ಕನ ಹೆಸರು ಹೊರಬಿತ್ತು.

ಮೊದಲು ಬಂದವರು ಅವಳ ಕಾಲು ಮುಟ್ಟಿ, ಮುಖದೆದುರು ಫೋನು ಹಿಡಿದರು. "ಮಾವಶಿ, ಕೊನೆಗೆ ದೇವರ ನಾಮ ಹೇಳಿದರು ಅಂದುಬಿಡಿ" ಎಂದು, ಚಿಕ್ಕಮ್ಮನನ್ನು ಕರೆಯುವಂತೆ, ಮರಾಠಿಯಲ್ಲಿ ಬೇಡಿದರು. ಆಮೇಲೆ ಬಂದವರು ಕುರ್ಚಿ ಎಳೆದು ಕೂತು, ನಾಯಕರು ತೀರ್ಥ ಬೇಡವೆಂದು ಮುಖ ತಿರುಗಿಸಿದ್ದು ಹೌದಲ್ಲವೇ ಎಂದು ಒತ್ತಾಯಿಸಿದರು. ಇಬ್ಬರಿಗೂ ಅವಳು ಹೇಳಿದ್ದು ಒಂದೇ: "ನನಗೆ ನೆನಪಿಲ್ಲ."

ಅದಾದ ಮೇಲೆ ವಾಡೆಯ ಬಾಗಿಲಲ್ಲಿ ಬೈಕುಗಳು ನಿಲ್ಲತೊಡಗಿದವು. ಒಂದು ಸಂಜೆ ಅಪರಿಚಿತನೊಬ್ಬ ಅಂಗಳಕ್ಕೇ ಬಂದು, ನಗುನಗುತ್ತ, "ನೀವು ಒಬ್ಬರೇ ಇರುತ್ತೀರಲ್ಲವೇ ಮಾವಶಿ?" ಎಂದು ಕೇಳಿ ಹೋದ. ಅವನು ಯಾವ ಕಡೆಯವನೆಂದು ನಮಗೆ ತಿಳಿಯಲೇ ಇಲ್ಲ.

"ನೀ ಆಕಿ ಮನಿಗೆ ಹೋಗಬ್ಯಾಡ" ಎಂದರು ನನ್ನವರು. ಆದರೂ ಹೋದೆ. ಹಾಡಹಗಲೇ ಚಿಲಕ ಹಾಕಿಕೊಂಡು, ಕಿಟಕಿ ಮುಚ್ಚಿ ಕೂತಿದ್ದಳು. ಎಂಥ ಮುದುಕರಿಗೂ ನೋವಾಗದಂತೆ ಸೂಜಿ ಚುಚ್ಚುತ್ತಿದ್ದ ಕೈಗಳು ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದವು.

"ಶಿರೂರಿಗೆ ತಂಗಿ ಮನಿಗೆ ಹೋಗ್ತೀನಿ ವೈನಿ."

ಬಸ್ ಸ್ಟ್ಯಾಂಡಿಗೆ ನಾನೇ ಬಿಡಲು ಹೋದೆ. ಬಸ್ಸು ಹೊರಡುವ ಮೊದಲು, ನಾನು ಕೇಳದಿದ್ದರೂ, ನನ್ನನ್ನು ಹತ್ತಿರ ಎಳೆದುಕೊಂಡಳು.

"ದೇವರ ಹೆಸರೂ ಹೇಳ್ಲಿಲ್ಲ, ದೇವರಿಲ್ಲ ಅಂತನೂ ಅನ್ಲಿಲ್ಲ. ಭಾಳ ಹೆದರಿದ್ರು. ಕೈ ಬಿಡಬ್ಯಾಡ ತಂಗಿ ಅಂದ್ರು, ಅಷ್ಟ."

"ಹಂಗಾರ ಅದನ್ನ ಹೇಳಿಬಿಡು, ಶಾಂತಕ್ಕ."

"ಅಂಥಾ ಮನಷಾ ಹೆದರಿದ್ರು ಅಂದ್ರ ಯಾರ್ ಕೇಳ್ತಾರ? ಎರಡೂ ಕಡೇದವರು ಕೂಡಿ ನನ್ನ ಸುಡ್ತಾರ."

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ತಂಗಿಯ ಫೋನು ಬಂತು. ಶಾಂತಕ್ಕ ಮಧ್ಯಾಹ್ನ ಮಲಗಿದವಳು ಏಳಲಿಲ್ಲವಂತೆ. ಶಿರೂರಿಗೆ ಹೋಗಿ ಮಣ್ಣು ಹಾಕಿ ಬಂದೆ. ಅತ್ತು ಅತ್ತು ಸುಸ್ತಾದರೂ, ಇನ್ನು ಅವಳನ್ನು ಯಾರೂ ಹೆದರಿಸಲಾರರು ಎಂಬ ಸಮಾಧಾನವಿತ್ತು.

ಕೆಲವೇ ದಿನಗಳಲ್ಲಿ ಅಂಗಳಕ್ಕೆ ಬಂದಿದ್ದ ಅದೇ ಮನುಷ್ಯ ನಮ್ಮ ಬಾಗಿಲು ತಟ್ಟಿದ. "ವಹಿನಿ, ನಿಮಗೆ ಏನಾದರೂ ಹೇಳಿದ್ದರೇ?"

"ಏನೂ ಹೇಳಿಲ್ಲ."

ತಲೆಯಾಡಿಸಿದ. ಹೊಸ್ತಿಲ ಬಳಿಯಿದ್ದ ಮಗಳ ಚಪ್ಪಲಿ ನೋಡುತ್ತ, "ಹುಡುಗಿ ಯಾವ ಟ್ಯೂಶನ್ ಕ್ಲಾಸಿಗೆ ಹೋಗುತ್ತಾಳೆ?" ಎಂದು ಕೇಳಿದ.

ಈಗ ಮಗಳನ್ನು ಕ್ಲಾಸಿಗೆ ಬಿಡುವುದೂ ಕರೆತರುವುದೂ ನಾನೇ. ಯಾಕಮ್ಮ ಎಂದು ದಿನಾ ಕೇಳುತ್ತಾಳೆ.