ತನಿ ಹೊತ್ತಿನ ಬೋಂಡಾ

ಬೋಂಡಾ ಕರಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಮೃದಂಗ ಕೇಳಿಸುತ್ತದೆ. ನಗಬೇಡಿ. ಇವತ್ತು ಸಂಜೆಯೂ ಅಷ್ಟೇ, ಯಡಿಯೂರು ಕೆರೆಯ ಹತ್ತಿರದ ಅಂಗಡಿಯ ಮುಂದೆ ಪೊಟ್ಟಣಕ್ಕಾಗಿ ಕಾಯುತ್ತ ನಿಂತಿದ್ದಾಗ ಕಿವಿಯೊಳಗೆ ತಕಧಿಮಿ ಶುರುವಾಯಿತು. ಇದಕ್ಕೆ ಕಾರಣ ನಮ್ಮಪ್ಪ ಅನ್ನಬಹುದಿತ್ತು. ನಿಜ ಹೇಳಬೇಕೆಂದರೆ ಕಾರಣ ನನ್ನ ಹಾಳು ಹೊಟ್ಟೆ.

ಅಪ್ಪ ಹಗಲಲ್ಲಿ ಗುಮಾಸ್ತರು, ಸಂಜೆ ಮೃದಂಗದವರು. ಅಂಥ ದೊಡ್ಡ ಹೆಸರೇನೂ ಇರಲಿಲ್ಲ. ಜಯನಗರ, ಬನಶಂಕರಿ, ವಿಲ್ಸನ್ ಗಾರ್ಡನ್ ಕಡೆಯ ರಾಮನವಮಿ ಪೆಂಡಾಲುಗಳಲ್ಲಿ ಹಾಡುವವರ ಪಕ್ಕ ಕೂತು ನುಡಿಸುತ್ತಿದ್ದರು. ಎರಡು ಗಂಟೆ ಕಾಲ ಇನ್ನೊಬ್ಬರ ಹಾಡಿಗೆ ಜೊತೆ ಕೊಟ್ಟ ಮೇಲೆ ಮೃದಂಗದವರಿಗೇ ಅಂತ ಹದಿನೈದು ನಿಮಿಷ ಸಿಗುತ್ತದೆ. ಹಾಡುವವರು ಬಾಯಿ ಮುಚ್ಚಿ ತಾಳ ಹಾಕುತ್ತಾರೆ, ಇವರೊಬ್ಬರೇ ನುಡಿಸುತ್ತಾರೆ. ಅದಕ್ಕೆ ‘ತನಿ’ ಎನ್ನುತ್ತಾರೆ. ಸಂಗೀತ ಕಛೇರಿಗೆ ಹೋಗಿ ಅಭ್ಯಾಸವಿದ್ದವರಿಗೆ ಗೊತ್ತು, ಜನ ಕಾಫಿಗೆ ಏಳುವುದೂ ಸರಿಯಾಗಿ ಆಗಲೇ. ಹಾಡೇ ಇಲ್ಲವಲ್ಲ, ಇನ್ನೇನು ಕೆಲಸ ಅಂತ.

ಹಾಗೆ ಏಳುವವರಲ್ಲಿ ಮೊದಲಿಗಳು ನಾನು. ಆಗ ಎಂಟೊಂಬತ್ತು ವರ್ಷದವಳು. ಇಡೀ ಕಛೇರಿ ನಾನು ಕಾಯುತ್ತಿದ್ದುದೇ ತನಿಗೆ. “ಅಮ್ಮಾ, ತನಿ ಬಂತು, ಏಳು ಏಳು, ಆಮೇಲೆ ಖಾಲಿಯಾಗ್ಬಿಡತ್ತೆ” ಎಂದು ಅಮ್ಮನ ಸೆರಗು ಜಗ್ಗುತ್ತಿದ್ದೆ. ಪೆಂಡಾಲಿನ ಹಿಂದೆ ಬಿಸಿಬಿಸಿ ಬೋಂಡಾ ಬಾಯಲ್ಲಿಟ್ಟುಕೊಂಡು ಹಾ ಹೂ ಎನ್ನುತ್ತಿದ್ದರೆ, ಪರದೆಯಾಚೆ ಅಪ್ಪನ ಮೃದಂಗ ಕೇಳುತ್ತಿತ್ತು. ಕೇಳುತ್ತಿತ್ತು ಅಷ್ಟೇ, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಒಂದು ಸಲ ಆಟೋದಲ್ಲಿ ಮನೆಗೆ ಬರುವಾಗ, ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಕೇಳಿದರು, “ಹೇಗಿತ್ತೇ ಇವತ್ತು?”

“ಸಖತ್ತಾಗಿತ್ತಪ್ಪಾ. ಚಟ್ನಿ ಮಾತ್ರ ನೀರ್‌ನೀರಾಗಿತ್ತು.”

ಅಮ್ಮ ನನ್ನ ತೊಡೆ ಚಿವುಟಿದಳು. ಅಪ್ಪ ನಕ್ಕರು. ಅವರು ನಕ್ಕರಲ್ಲ ಅಂತ ಈ ಮಾತನ್ನು ನಾನು ನಲವತ್ತು ವರ್ಷದಿಂದ ಮದುವೆ ಮನೆ, ಮುಂಜಿ ಮನೆಗಳಲ್ಲಿ ಜೋಕು ಮಾಡಿ ಹೇಳಿಕೊಂಡು ಬಂದಿದ್ದೇನೆ. ಅದೂ ಅವರ ಎದುರಿಗೇ.

ಹೋದ ತಿಂಗಳು ನನ್ನ ಮಗಳು ಮೇಘ ನಮ್ಮನ್ನೆಲ್ಲ ಜೆ.ಪಿ. ನಗರದ ಮಾಲಿಗೆ ಎಳೆದುಕೊಂಡು ಹೋದಳು. ಅವಳಿಗೆ ಪ್ರಾಣವಾದ ಯಾವುದೋ ವಿದೇಶಿ ಬ್ಯಾಂಡಿನ ಕಛೇರಿಯನ್ನೇ ಇದ್ದದ್ದು ಇದ್ದ ಹಾಗೆ ಸಿನಿಮಾ ಮಾಡಿದ್ದಾರಂತೆ. ಮನೆಮಂದಿಯೆಲ್ಲ ಬರಲೇಬೇಕೆಂದು ಹಟ. ನಮ್ಮ ಯಜಮಾನರು ಎ.ಸಿ.ಯಲ್ಲಿ ನಿದ್ದೆ ಮಾಡಬಹುದೆಂದು ಒಪ್ಪಿಕೊಂಡರು. ಎಂಬತ್ತೆರಡರ ಅಪ್ಪ ಮಾತ್ರ ಕಛೇರಿ ಅಂದಮೇಲೆ ಮುಗಿಯಿತು ಎಂದು ಇಸ್ತ್ರಿ ಮಾಡಿದ ಪಂಚೆ, ಜರಿ ಶಲ್ಯದಲ್ಲಿ ತಯಾರಾದರು. ಎಸ್ಕಲೇಟರ್ ಮೇಲೆ ಅವರನ್ನು ನೋಡಿದ ಹುಡುಗರು ಯಾರದೋ ಮದುವೆಯಿದೆ ಅಂದುಕೊಂಡಿರಬೇಕು.

ಮೊದಲ ಒಂದು ಗಂಟೆ ಅಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಸಭ್ಯರಾಗಿ ಕೂತಿದ್ದರು. ಆಮೇಲೆ ತೆರೆಯ ಮೇಲೆ ಹಾಡುತ್ತಿದ್ದವಳು ಮೈಕ್ ಕೆಳಗಿಟ್ಟು ಒಳಗೆ ಹೋದಳು. ಗಿಟಾರಿನವರೂ ಹೋದರು. ದೀಪವೆಲ್ಲ ಆರಿ, ಡ್ರಮ್ಸ್ ಹುಡುಗನ ಮೇಲೆ ಮಾತ್ರ ಬೆಳಕು ಬಿತ್ತು. ಅವನು ನುಡಿಸಲು ಶುರು ಮಾಡಿದ.

ನಾನು ಎದ್ದೆ. ಯೋಚನೆ ಮಾಡಿ ಎದ್ದದ್ದಲ್ಲ, ಕಾಲುಗಳೇ ಎದ್ದವು. “ಪಾಪ್‌ಕಾರ್ನ್ ತರ್ತೀನಿ, ಯಾರಿಗೆ ಬೇಕು?”

ಅಪ್ಪ ನನಗೆ ದಾರಿ ಬಿಡಲು ಕಾಲು ಮಡಚಿಕೊಂಡರು. “ಹೋಗ್ಬಾ” ಎಂದರು. “ತನಿ ತಾನೇ.”

ಕೋಪವಿಲ್ಲ, ಕೊಂಕಿಲ್ಲ. ಅದೇ ನನ್ನನ್ನು ಕೊಂದಿತು. ಅವರ ಮುಂದೆ ಅರ್ಧ ಬಗ್ಗಿ ನಿಂತವಳಿಗೆ ಅತ್ತ ಹೋಗಲಾಗಲಿಲ್ಲ, ಇತ್ತ ಕೂರಲಾಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನವರೆಲ್ಲ ದಡದಡನೆ ಎದ್ದರು. ಅಪ್ಪ ತಿರುಗಿ ನೋಡಿ ನನಗೆ ಹೇಳಿದರು, “ನೋಡು, ಎಲ್ಲಾ ಎದ್ರು. ಬೇಗ ಹೋಗು, ಆಮೇಲೆ ಖಾಲಿಯಾಗ್ಬಿಡತ್ತೆ.”

ಮೇಘ ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದಳು, “ಅಯ್ಯೋ ತಾತಾ, ಯಾರೂ ಎಲ್ಲೂ ಹೋಗ್ತಿಲ್ಲ! ಇದೇ ಬೆಸ್ಟ್ ಪಾರ್ಟು. ಅದಕ್ಕೇ ನಿಂತ್ಕೊಂಡು ಕೇಳ್ತಿದಾರೆ!”

ಅಪ್ಪ ನಂಬಲಿಲ್ಲ. ಕಿವಿಯ ಹತ್ತಿ ತೆಗೆದರು. ಮುಂದಿನ ಕುರ್ಚಿ ಹಿಡಿದು ಮೆಲ್ಲಗೆ ಎದ್ದು, ತೆರೆಗೆ ಬೆನ್ನು ಹಾಕಿ, ಜನರನ್ನೇ ನೋಡುತ್ತ ನಿಂತರು. ಬಾಗಿಲ ಕಡೆಗೂ ನೋಡಿದರು. ಯಾರೂ ಹೋಗಲಿಲ್ಲ. ಆ ಹುಡುಗ ನುಡಿಸಿ ಮುಗಿಸುವವರೆಗೂ ಅವರು ಹಾಗೇ ನಿಂತಿದ್ದರು. ನಾನು ಕೂತುಬಿಟ್ಟೆ. ಕತ್ತಲಿದ್ದದ್ದು ಒಳ್ಳೆಯದಾಯಿತು, ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಹೇಳಿದೆ. “ಅಪ್ಪಾ, ನಾನು ನಿಮ್ಮ ತನಿ ಒಂದನ್ನೂ ಪೂರ್ತಿ ಕೇಳಿಲ್ಲ.”

“ಗೊತ್ತು ಕಣೇ. ಸ್ಟೇಜ್ ಮೇಲಿಂದ ಎಲ್ಲಾ ಕಾಣತ್ತೆ. ನಿನ್ನ ಕೆಂಪು ಲಂಗ ಬಾಗಿಲ ತನಕ ಕಾಣ್ತಿತ್ತು” ಎಂದು ಶಲ್ಯ ಮಡಚಿಟ್ಟರು. ಆಮೇಲೆ ನಾನು ಆ ಚಟ್ನಿ ಜೋಕನ್ನು ಯಾರಿಗೂ ಹೇಳಿಲ್ಲ.

ಇವತ್ತು ಪೊಟ್ಟಣ ಹಿಡಿದು ಮನೆಗೆ ಬಂದಾಗ ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದರು. ಮೃದಂಗ ಶಿಷ್ಯನ ಮನೆ ಸೇರಿ ಎಷ್ಟೋ ವರ್ಷವಾಯಿತು. ಬೆರಳು ಮಾತ್ರ ಮೇಜಿನ ಮೇಲೆ ಸುಮ್ಮನಿರುವುದಿಲ್ಲ. ಪೊಟ್ಟಣ ಪಕ್ಕಕ್ಕಿಟ್ಟು ಎದುರಿಗೆ ಕೂತು ಹೇಳಿದೆ, “ಒಂದು ತನಿ ನುಡಿಸಿ. ಪೂರ್ತಿ.”

“ಬೋಂಡಾ ಆರಿಹೋಗತ್ತಲ್ಲೇ.”

“ಆರ್ಲಿ.”

ನಾನು ತಾಳ ಹಾಕಿದೆ. ಎರಡು ಕಡೆ ತಪ್ಪಿದೆ. ಅವರು ಕಣ್ಣಲ್ಲೇ ಎತ್ತಿಕೊಟ್ಟರು. ಗಂಟು ಕಟ್ಟಿದ ಬೆರಳುಗಳು ಹತ್ತು ಹನ್ನೆರಡು ನಿಮಿಷ ಮರದ ಮೇಲೆ ಓಡಾಡಿ, ಕೊನೆಗೆ ಒಂದೇ ಮಾತನ್ನು ಮೂರು ಸಲ ಹೇಳಿ ನಿಂತವು. ಅಪ್ಪ ಉಸಿರು ಬಿಟ್ಟು, ನನ್ನ ಮುಖ ನೋಡದೆ, ಮೇಜಿನ ಮೇಲಿಲ್ಲದ ಧೂಳನ್ನು ಒರೆಸುತ್ತ ಕೇಳಿದರು, “ಹೇಗಿತ್ತೇ?”

“ಚೆನ್ನಾಗಿತ್ತಪ್ಪಾ. ಆದ್ರೆ ಕೊನೇಲಿ ಮೂರು ಸಲ ಬಂತಲ್ಲ, ಅದರಲ್ಲಿ ಮೂರನೇದು ಸ್ವಲ್ಪ ಅವಸರ ಆಯ್ತು.”

ಅಪ್ಪ ತಲೆಯೆತ್ತಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಆಯ್ತು ಅಲ್ವಾ? ಹೌದು, ಆಯ್ತು! ತಾಳ ಹಾಕು, ಇನ್ನೊಂದ್ಸಲ ನೋಡೋಣ.”