ಹಿಂದೆ ಸರಿದ ಎರಡು ಸೈನ್ಯಗಳು

ನಿವೃತ್ತನಾದವನಿಗೆ 'ಈಗ ನಿಮ್ಮ ಸರದಿ' ಎಂದು ಹೇಳುವವರು ಲೋಕದಲ್ಲಿ ಬಹಳ ಮಂದಿ ಉಳಿದಿರುವುದಿಲ್ಲ. ರೇಷನ್ ಅಂಗಡಿಯವರು ಹೇಳುತ್ತಾರೆ, ರಕ್ತಪರೀಕ್ಷೆಯ ಲ್ಯಾಬಿನವರು ಹೇಳುತ್ತಾರೆ, ಅವರನ್ನು ಬಿಟ್ಟರೆ ನನ್ನ ಮೊಬೈಲು ಹೇಳುತ್ತದೆ. ಕುಂಬಳೆಯ ನನ್ನ ಮನೆಯ ಅಡುಗೆಕೋಣೆಯಲ್ಲಿ ಕುಕ್ಕರು ಎರಡನೆಯ ಸಲ ಕೂಗುವ ಹೊತ್ತಿಗೆ ಅದು ಟಿಣ್ ಎಂದಿತೆಂದರೆ, ನಾನು ಸೌಟು ಕೆಳಗಿಟ್ಟು, ಕನ್ನಡಕ ಹುಡುಕಿ, ಪಾಣಿಪತ್ತಿನ ರಣಾಂಗಣಕ್ಕೆ ಧಾವಿಸಬೇಕು. ಅಲ್ಲಿ ಮರಾಠರ ಮಹಾಸೈನ್ಯ ನನ್ನ ಅಪ್ಪಣೆಗಾಗಿ ಕಾಯುತ್ತಿರುತ್ತದೆ. ಅನ್ನ ಮುದ್ದೆಯಾಗದಂತೆ ನೋಡಿಕೊಳ್ಳಲಾರದ ಮನುಷ್ಯನನ್ನು ಸೇನಾಪತಿ ಮಾಡಿದವರು ಯಾರೆಂದು ನೀವು ಕೇಳಬಹುದು.

ಮಾಡಿದವರು ಮೀಂಜದ ವಿಠಲ ಶೆಟ್ಟರು. ಗಲ್ಫಿನ ಒಂದು ಗೋದಾಮಿನಲ್ಲಿ ಬಹುಕಾಲ ಸ್ಟೋರ್‌ಕೀಪರಾಗಿದ್ದು ಊರಿಗೆ ಮರಳಿದವರು. ಅವರ ಮಗಳು ನನ್ನ ಶಾಲೆಯಲ್ಲಿ ಓದಿದ್ದರಿಂದ ಪರಿಚಯ, ನಾನು ಚರಿತ್ರೆ ಕಲಿಸುವ ಮಾಷ್ಟ್ರಾದ್ದರಿಂದ ಸ್ನೇಹ. ಹಿಂದೆ ನಡೆದುಹೋದ ಯುದ್ಧಗಳನ್ನೇ ನಕ್ಷೆಯ ಮೇಲೆ ಮತ್ತೆ ಆಡುವ ಈ ವಿದ್ಯೆಯನ್ನು ಅವರು ಗಲ್ಫಿನಲ್ಲಿ ಸಹೋದ್ಯೋಗಿಯೊಬ್ಬನಿಂದ ಕಲಿತಿದ್ದರು. ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಒಂದೊಂದು ದಂಡಿಗೆ ಒಂದೊಂದು ಬಿಲ್ಲೆ, ಹೊಡೆದಾಟಕ್ಕೆ ದಾಳ. ನಿಯಮಗಳ ಪುಸ್ತಕ ಮಾತ್ರ ನಾನು ಬಿ.ಎಡ್.ಗೆ ಓದಿದ್ದಕ್ಕಿಂತ ದಪ್ಪ. ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ ಮೊಬೈಲಿನಲ್ಲಿ ಶುರುವಾದ ನಮ್ಮ ಕಾಳಗ, ಬಸ್ಸು ಓಡತೊಡಗಿದ ಮೇಲೂ ಮೊಬೈಲಿನಲ್ಲೇ ಮುಂದುವರಿಯಿತು. ಒಂದು ನಡೆಗೆ ಮೂರು ದಿನದ ಗಡುವು. ಹೊಸಂಗಡಿಯಲ್ಲಿ ಬಸ್ಸು ಬದಲಿಸಿದರೆ ಮುಟ್ಟಬಹುದಾದ ಸ್ನೇಹಿತನೊಡನೆ ಹೀಗೆ ಆಕಾಶಮಾರ್ಗವಾಗಿ ಹೋರಾಡುವುದು ಸೋಮಾರಿತನವೇ ಇರಬೇಕು.

ಪ್ರತಿ ಯುದ್ಧದಲ್ಲೂ ಸೋಲು ನನ್ನದೇ. ಯಾವ ದಂಡು ಎಲ್ಲಿ ನಿಂತಿತ್ತು, ಯಾಕೆ ಸೋತಿತು ಎಂದು ಮೂವತ್ತು ವರ್ಷ ಮಕ್ಕಳಿಂದ ಕಂಠಪಾಠ ಮಾಡಿಸಿದವನು ನಾನು. ಆದರೆ ಸೈನ್ಯವೂ ಉಣ್ಣುತ್ತದೆಂಬುದು ಸ್ಟೋರ್‌ಕೀಪರಿಗೆ ಗೊತ್ತಿದ್ದಷ್ಟು ಮಾಷ್ಟ್ರಿಗೆ ಗೊತ್ತಿರುವುದಿಲ್ಲ. ಶೆಟ್ಟರು ನನ್ನ ಕತ್ತಿವೀರರ ಗೊಡವೆಗೇ ಬರದೆ, ಹಿಂದಿನಿಂದ ಹೋಗಿ ಧಾನ್ಯದ ದಾರಿಯನ್ನು ಕಡಿಯುತ್ತಿದ್ದರು. ಚರಿತ್ರೆಯ ಮರಾಠರಂತೆಯೇ ನನ್ನವರೂ ಅಲ್ಲಲ್ಲೇ ಹಸಿದು ಬಳಲಿ ಬಿಲ್ಲೆ ಬಿಲ್ಲೆಯಾಗಿ ಮಾಯವಾಗುತ್ತಿದ್ದರು. ಅದನ್ನು ನೋಡಿ ನನ್ನ ಹೆಂಡತಿ ಶಾರದೆ, "ಚರಿತ್ರೆಯನ್ನು ಬದಲಿಸದ ಪ್ರಾಮಾಣಿಕ ಮಾಷ್ಟ್ರು ನೀವೊಬ್ಬರೇ" ಎಂದು ನಗುತ್ತಿದ್ದಳು.

ಶಾರದೆ ಹೋಗಿ ಎಂಟು ತಿಂಗಳಾಯಿತು. ಅವಳು ಹೋದ ಮೂರನೆಯ ತಿಂಗಳಿಗೆ ಶೆಟ್ಟರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿತ್ತು, ಮಾತು ಮುರಿಯಿತು. ಆಸ್ಪತ್ರೆಯಲ್ಲಿ ಅವರು ನನ್ನನ್ನು ಬಹಳ ಹೊತ್ತು ನೋಡಿದರು, ಗುರುತು ಹತ್ತಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ನಾನು ಅವರನ್ನು ನೋಡಲು ಹೋಗಲಿಲ್ಲ. ಬಿಡುವಿರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ, ನನಗೆ ಹೆದರಿಕೆಯಿತ್ತು. ಒಂದು ಮರಣವನ್ನು ಆಗಷ್ಟೇ ನೋಡಿದವನಿಗೆ ಇನ್ನೊಬ್ಬರು ಕುಸಿಯುವುದನ್ನು ನೋಡುವ ಶಕ್ತಿ ಇರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ, ತಿಂಗಳುಗಟ್ಟಲೆ ಸುಮ್ಮನಿದ್ದ ಮೊಬೈಲು ಟಿಣ್ ಎಂದಿತು. ಶೆಟ್ಟರು ಎಡಗೈಯಲ್ಲಿ ಪಾಣಿಪತ್ತಿನದೇ ಹೊಸ ಆಟ ಹೂಡಿದ್ದರು, ಎಂದಿನಂತೆ ಮರಾಠರು ನನಗೆ, ಅಫ್ಘಾನರು ಅವರಿಗೆ. ಮೊದಲ ವಾರ ಎಲ್ಲವೂ ಸರಿಯಾಗಿತ್ತು. ಎರಡನೆಯ ವಾರ, ಅಫ್ಘಾನರ ಗೋಧಿಯ ಗಾಡಿಗಳನ್ನು ನನ್ನ ಕುದುರೆದಂಡಿನಿಂದ ಎರಡೇ ಮನೆ ಆಚೆ, ಒಬ್ಬ ಕಾವಲುಗಾರನೂ ಇಲ್ಲದೆ ಬಿಟ್ಟಿದ್ದರು. ನಾನು ಕನ್ನಡಕ ಒರಸಿ ಮತ್ತೆ ನೋಡಿದೆ. ಊಟಕ್ಕೆ ಕೂತರೂ ಅಕ್ಕಿಗೋಣಿಯ ಮೇಲೆ ಒಂದು ಕಣ್ಣಿಡುವ ಶೆಟ್ಟರು ಗೋಧಿಯನ್ನು ಮರೆಯುವುದೆಂದರೇನು? ಬುದ್ಧಿಗೇನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದರೂ, ಅದು ಹೋಗಿಯೇಬಿಟ್ಟಿದೆ ಎಂದು ಅಳುಕಿದೆ. ಅವರೂ ಹೋದರೆ ನನಗಿನ್ನು ಯಾರು ಎಂಬ ಸ್ವಾರ್ಥವೂ ಆ ಅಳುಕಿನೊಳಗೆ ಇತ್ತು.

ಆ ಗಾಡಿಗಳನ್ನು ದೋಚಲು ನನಗೆ ಕೈ ಬರಲಿಲ್ಲ. ಕುದುರೆಗಳನ್ನು ಎರಡು ಮನೆ ಹಿಂದಕ್ಕೆ ಸರಿಸಿದೆ. ಮರುದಿನ ಶೆಟ್ಟರು ಗಾಡಿಗಳನ್ನು ಇನ್ನಷ್ಟು ನನ್ನ ಕಡೆಗೆ ತಳ್ಳಿ, ತಮ್ಮ ದಂಡನ್ನು ಹಿಂದೆ ಕರೆದುಕೊಂಡರು. ನಾನು ಇನ್ನೂ ಹಿಂದೆ ಹೋದೆ, ಅವರೂ ಹೋದರು. ಒಂಬತ್ತು ದಿನ ಹೀಗೆ ಸಾಗಿತು. ವೈರಿಗಳಿಬ್ಬರೂ ಬೆನ್ನು ಹಾಕಿ ನಡೆದ ಆ ಮೈದಾನದ ನಡುವೆ, ಯಾರಿಗೂ ಬೇಡವಾದ ಗೋಧಿಯ ಗಾಡಿಗಳು ನಿಂತೇ ಇದ್ದವು. ಅವರ ಒಂದೊಂದು ನಡೆಯೂ ನನಗೆ ರೋಗದ ಲಕ್ಷಣವಾಗಿ ಕಾಣುತ್ತಿತ್ತು. ಹತ್ತನೆಯ ದಿನ ತಡೆಯಲಾರದೆ ಬಸ್ಸು ಹತ್ತಿದೆ.

ಶೆಟ್ಟರು ಜಗಲಿಯ ಕುರ್ಚಿಯಲ್ಲಿ ಕೂತು, ಬಲಗೈಗೆ ಒಂದು ರಬ್ಬರ್ ಚೆಂಡು ಕೊಟ್ಟು ಅದನ್ನು ಅದುಮಲು ಹೆಣಗುತ್ತಿದ್ದರು. ಬುದ್ಧಿಯನ್ನು ಪರೀಕ್ಷಿಸಲೆಂದು ದಾರಿಯುದ್ದಕ್ಕೂ ನಾನು ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಅಭ್ಯಾಸಬಲ, ಸುಲಭದ್ದರಿಂದಲೇ ಆರಂಭಿಸಿದೆ.

"ಶೆಟ್ರೇ, ಇವತ್ತು ಯಾವ ವಾರ?"

ಅವರು ನನ್ನನ್ನು ದಿಟ್ಟಿಸಿದರು. ಒಂದೊಂದೇ ಶಬ್ದವನ್ನು ಎತ್ತಿ ಹೊರಗಿಟ್ಟರು. "ಮಂಗಳವಾರ... ಮಾಷ್ಟ್ರೇ... ನಿಮಗೆ ಮಂಡೆ... ಸಮ ಉಂಟಾ?"

ಅವರ ಹೆಂಡತಿ ಜಲಜಕ್ಕ ಚಹಾ ತಂದಿಟ್ಟು, ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಬೇಡಿ ಮಾಷ್ಟ್ರೇ. ಶಾರದಕ್ಕ ಹೋದ ಮೇಲೆ ನೀವು ಒಬ್ಬರೇ ಅಲ್ವಾ, ಒಮ್ಮೆಯಾದರೂ ಗೆದ್ದು ಸ್ವಲ್ಪ ನಗಾಡ್ಲಿ ಅಂತ ಇವರು ಬೇಕಂತಲೇ ಗೋಧಿ ಬಿಟ್ಟದ್ದಂತೆ. ನೀವು ಮುಟ್ಲೇ ಇಲ್ಲ. ಎದುರಿಗಿದ್ದದ್ದು ಮಾಷ್ಟ್ರಿಗೆ ಕಾಣುವುದಿಲ್ಲ, ಮಂಡೆ ಕೆಟ್ಟಿದೆ ಅಂತ ಒಂದು ವಾರದಿಂದ ಇವರಿಗೆ ಸರಿ ಊಟ ಇಲ್ಲ."

ನಾನು ನಕ್ಕೆ. ನಗು ಅರ್ಧದಲ್ಲೇ ಅಳುವಾಯಿತು, ಮುಖ ಮುಚ್ಚಿಕೊಂಡೆ. ಅರ್ಧ ದೇಹ ಕಳೆದುಕೊಂಡ ಮನುಷ್ಯ ಉಳಿದ ಒಂದು ಕೈಯಿಂದ ನನ್ನನ್ನು ಗೆಲ್ಲಿಸಲು ಹವಣಿಸುತ್ತಿದ್ದ, ನಾನು ಕುಂಬಳೆಯಲ್ಲಿ ಕೂತು ಅವನ ಬುದ್ಧಿಗಾಗಿ ಶೋಕಿಸುತ್ತಿದ್ದೆ. ಪ್ರಿಯ ಓದುಗರೇ, ಕರುಣೆ ಒಳ್ಳೆಯ ಗುಣವೇ. ಆದರೆ ನಾವಿಬ್ಬರೂ ದೂರದಲ್ಲಿ ಕೂತು ಅದನ್ನು ಮಾಡಿದ್ದರಿಂದ, ಎದುರಿಗಿದ್ದವನು ಮುಗಿದೇಹೋದನೆಂದು ಇಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು. ಕುದುರೆಗಳನ್ನು ಯಾಕೆ ಹಿಂದೆ ಸರಿಸಿದೆನೆಂದು ನಾನೂ ಅವರಿಗೆ ಹೇಳಿಬಿಟ್ಟೆ.

ಶೆಟ್ಟರು ಎಡಗೈಯಿಂದ ಮೊಬೈಲು ಎತ್ತಿಕೊಂಡು, "ಈಗ... ಸರಿ ಆಡಿ," ಎಂದರು.

ನಾಲ್ಕಡಿ ಅಂತರದಲ್ಲಿ ಎದುರುಬದುರು ಕೂತು ಒಂದೊಂದು ಮೊಬೈಲು ಹಿಡಿದೆವು. ನಮ್ಮ ನಡೆಗಳು ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ಮತ್ತೆ ಅದೇ ಜಗಲಿಗೆ ಬರುತ್ತಿದ್ದವು. ನಾನು ಮೊದಲು ಗೋಧಿಯನ್ನು ದೋಚಿದೆ, ದಯೆ ತೋರಲಿಲ್ಲ. ಅವರೂ ತೋರಲಿಲ್ಲ. ಅರ್ಧ ಗಂಟೆಯೊಳಗೆ ನನ್ನನ್ನು ಮೂರು ದಿಕ್ಕಿನಿಂದ ಮುತ್ತಿದರು. ಕೊನೆಯ ಕಾಳಗದಲ್ಲಿ ಹೇಗೂ ಸೋಲೆಂದು ಕಣ್ಣು ಮುಚ್ಚಿ ದಾಳದ ಗುಂಡಿ ಒತ್ತಿದೆ. ದಾಳ ಆರು ತೋರಿಸಿತು, ಅವರ ಸೇನಾಪತಿಯ ಬಿಲ್ಲೆಯೇ ಮಾಯವಾಯಿತು. ಪಾಣಿಪತ್ತಿನಲ್ಲಿ ಮರಾಠರು ಗೆದ್ದರು.

ಶೆಟ್ಟರ ಮುಖ ಕೆಂಪೇರಿತು. "ದಾಳ... ಕಳ್ಳ!" ಎಂದು ಕೂಗಿ ಮೊಬೈಲನ್ನು ಕುರ್ಚಿಯ ಕೈಗೆ ಕುಕ್ಕಿದರು. ಸಮಾಧಾನ ಮಾಡಲು ಹೊರಟ ನನ್ನನ್ನು ಜಲಜಕ್ಕ ಕಣ್ಣಲ್ಲೇ ತಡೆದರು. "ಇರ್ಲಿ ಬಿಡಿ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಒಮ್ಮೆಯೂ ಸಿಟ್ಟು ಮಾಡಿದ್ದಿಲ್ಲ," ಎಂದು ಸೆರಗಿನಿಂದ ಕಣ್ಣೊರಸಿಕೊಂಡರು.

"ನಾಳೆ," ಎಂದರು ಶೆಟ್ಟರು. "ಹೊಸತು. ನಾನು... ಮರಾಠ. ನೀವು... ಅಫ್ಘಾನ್."

ಈ ಎಂಟು ತಿಂಗಳು ನನ್ನನ್ನು ಕಂಡವರೆಲ್ಲ ಆಗಿಹೋದದ್ದರ ಮಾತನ್ನೇ ಆಡಿದ್ದರು. ನಾಳೆ ಎಂಬ ಶಬ್ದವನ್ನು ನನಗೆ ಯಾರೂ ಹೇಳಿರಲಿಲ್ಲ.

"ಮೊಬೈಲಲ್ಲಿ ಬೇಡ ಶೆಟ್ರೇ. ನಾನು ಇಲ್ಲಿಗೇ ಬರ್ತೇನೆ."

"ಬೇಗ ಬನ್ನಿ," ಎಂದರು ಅವರು, ಸಿಟ್ಟು ಇನ್ನೂ ಇಳಿದಿರಲಿಲ್ಲ.